ಸಾಹೇಬರು ಸಣ್ಣಗಾದ ಗ್ರೂಪ್ ಫೋಟೋ

ನಮ್ಮ ಮನೆ ಭಾಳ ದೊಡ್ಡದು ಎಂಬ ಸುದ್ದಿ ನನಗೆ ತಿಳಿದದ್ದು ನನ್ನ ಷಡ್ಡಕನಿಂದ.

ಏಪ್ರಿಲ್ ತಿಂಗಳ ಒಂದು ರವಿವಾರ ಬೆಳಿಗ್ಗೆ ಆತ ಹೆಂಡತಿ, ನಾಲ್ಕು ಮಕ್ಕಳು, ಎರಡು ಟ್ರಂಕು, ಒಂದು ಹೋಲ್ಡಾಲ್ ಸಮೇತ ವಾಡಿ ಜಂಕ್ಷನ್ನಿನಲ್ಲಿ ಇಳಿದ. ನಾನು ಅಲ್ಲಿ ಪಾರ್ಸಲ್ ಕ್ಲರ್ಕ್. (ಹಳೇ ಓದುಗರಿಗೆ ಗೊತ್ತೇ ಇದೆ, ಹೊಸಬರಿಗೆ ಹೇಳಿದೆ.) “ಸೂಟಿ ಮುಗಿಯೂತನಾ ಇಲ್ಲೇ ಇರ್ತೀವಿ” ಎಂದ. “ಇಷ್ಟು ದೊಡ್ಡ ಮನಿ ಇಟ್ಕೊಂಡು ನೀವಿಬ್ಬರೇ ಏನ್ ಮಾಡ್ತೀರಿ?”

ದೊಡ್ಡ ಮನೆ? ನಮ್ಮದು ರೈಲ್ವೆ ಕ್ವಾರ್ಟರ್ಸ್. ಎರಡು ಕೋಣೆ. ಮಂಚ ಹಾಕಿದರೆ ಬಾಗಿಲು ತೆರೆಯುವುದಿಲ್ಲ. ಬಾಗಿಲು ತೆರೆಯಬೇಕೆಂದರೆ ಮಂಚ ಎತ್ತಬೇಕು.

ಆತ ಕಿಸೆಯಿಂದ ಒಂದು ಫೋಟೋ ತೆಗೆದ. ನನ್ನ ಹೆಂಡತಿ ಗಿರಿಜಾ ತನ್ನ ತಂಗಿಗೆ ಹೆಮ್ಮೆಯಿಂದ ಕಳಿಸಿದ್ದು. ತೆಗೆದವನು ನಾನೇ. ಅದರಲ್ಲಿ ನಮ್ಮ ಪಡಸಾಲೆ ನವಾಬರ ದರ್ಬಾರಿನ ಹಾಗೆ ಹರಡಿಕೊಂಡಿತ್ತು. ಮೂಲೆಯಲ್ಲಿದ್ದ ನೀರಿನ ಕೊಡ ಒಂದು ಫರ್ಲಾಂಗು ಆಚೆ ಇದ್ದಂತೆ ಕಾಣುತ್ತಿತ್ತು. ಷಡ್ಡಕನ ಮಕ್ಕಳು ಒಳಗೆ ಬಂದು ಎರಡು ಹೆಜ್ಜೆ ಓಡಿದವು, ಗೋಡೆಗೆ ಬಡಿದುಕೊಂಡವು.

ತಪ್ಪು ನನ್ನದಲ್ಲ. ಲೆನ್ಸಿನದು.

ಆ ಲೆನ್ಸಿನ ಕಥೆ ಹೇಳಲೇಬೇಕು. ನನ್ನದು ರಷ್ಯಾದ ಕ್ಯಾಮೆರಾ. ಕಬ್ಬಿಣದ ತೂಕ, ಕುತ್ತಿಗೆಗೆ ಹಾಕಿಕೊಂಡರೆ ಎದುರಿಗೆ ಬಂದವರಿಗೆಲ್ಲ ತಾನಾಗಿಯೇ ನಮಸ್ಕಾರ ಆಗುತ್ತದೆ. ಅದಕ್ಕೊಂದು ಹೊಸ ಲೆನ್ಸು ಬೇಕೆಂದು ವರ್ಷಗಟ್ಟಲೆ ಹಂಬಲಿಸಿ, ಕಡೆಗೂ ಬೊಂಬಾಯಿಯಲ್ಲಿರುವ ಸೋದರಮಾವನ ಮಗನ ಕೈಯಲ್ಲಿ ತರಿಸಿಕೊಂಡೆ. ಜಪಾನಿನದು. ವೈಡ್ ಆ್ಯಂಗಲ್. ಕಣ್ಣಿಟ್ಟು ನೋಡಿದರೆ ಪ್ಲಾಟ್‌ಫಾರ್ಮಿನ ಈ ತುದಿಯ ಚಹಾದಂಗಡಿ, ಆ ತುದಿಯ ನೀರಿನ ಟಾಕಿ ಎರಡೂ ಒಂದೇ ಫೋಟೋದಲ್ಲಿ! ಹಿಂದೆ ಸರಿಯುವ ಹಂಗೇ ಇಲ್ಲ. ಮನುಷ್ಯನಿಗೆ ಇದಕ್ಕಿಂತ ಏನು ಬೇಕು?

“ಸುಳ್ಳ ಹೇಳೋ ಗಾಜು ಇದು” ಎಂದರು ಖಾಜಾ ಮಾಮು.

ಖಾಜಾ ಮಾಮು ಶಹಾಬಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವರು. ಅರವತ್ತು ದಾಟಿದೆ. ನನಗೆ ಫೋಟೋ ತೊಳೆಯಲು ಕಲಿಸಿದ ಗುರು. ಅವರ ಬಳಿ ಅವರ ಅಪ್ಪನ ಕಾಲದ ಮರದ ಕ್ಯಾಮೆರಾ ಇದೆ, ಅದರ ಮೂತಿಗೆ ಹಿತ್ತಾಳೆಯ ಒಂದು ಲೆನ್ಸು. ಗಾತ್ರದಲ್ಲಿ ಜೋಳ ಅಳೆಯುವ ಸೇರಿನಷ್ಟು. ದಿನಾ ಬೆಳಿಗ್ಗೆ ಅದನ್ನು ಮಲ್ಮಲ್ ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಅವರ ಚಹಾ. ಅದಕ್ಕೆ ಶಟರ್ ಇಲ್ಲ. ಮುಚ್ಚಳ ತೆಗೆಯಬೇಕು, ನಾಲ್ಕು ಎಣಿಸಬೇಕು, ಮುಚ್ಚಬೇಕು. ಮೂಲ ಮುಚ್ಚಳ ಕಳೆದು ಎಷ್ಟೋ ವರ್ಷವಾಯಿತು. ಈಗ ಮಾಮು ತಮ್ಮ ತಲೆಯ ಟೋಪಿಯನ್ನೇ ಲೆನ್ಸಿಗೆ ಹಾಕುತ್ತಾರೆ. ಫೋಟೋ ಬೇಕಾದಾಗ ಟೋಪಿ ತೆಗೆದು, “ಏಕ್, ದೋ, ತೀನ್, ಚಾರ್” ಎಂದು, ಮತ್ತೆ ಹಾಕುತ್ತಾರೆ. ನೋಡಿದವರಿಗೆ ಲೆನ್ಸಿಗೆ ಚಳಿ ಆಗಿದೆ ಅನ್ನಿಸಬೇಕು.

ರವಿವಾರ ಬಂತೆಂದರೆ ನಾವಿಬ್ಬರೂ ಲೆನ್ಸು ಪರೀಕ್ಷೆಗೆ ಹೊರಡುತ್ತಿದ್ದೆವು. ಒಂದೇ ಜಾಗ, ಎರಡು ಫೋಟೋ. ನನ್ನದು ಹೊಸದರಲ್ಲಿ, ಅವರದು ಹಳೆಯದರಲ್ಲಿ. ಒಮ್ಮೆ ಮೇಲ್ ಗಾಡಿ ನಿಂತಾಗ ವಾಡಿಯ ಪ್ಲಾಟ್‌ಫಾರ್ಮ್ ತೆಗೆದೆವು. ನನ್ನ ಫೋಟೋದಲ್ಲಿ ಜಾತ್ರೆಯಷ್ಟು ಜನ. ಮಾಮು ಫೋಟೋದಲ್ಲಿ ಒಬ್ಬನೂ ಇಲ್ಲ! ನಾಲ್ಕು ಎಣಿಸುವಷ್ಟರಲ್ಲಿ ಓಡಾಡುವವರೆಲ್ಲ ಹೊಗೆಯಾಗಿ ಹೋಗಿದ್ದರು. ಮಲಗಿದ್ದ ನಾಯಿ ಒಂದು ಮಾತ್ರ, ಅದರ ಒಂದೊಂದು ಕೂದಲೂ ಎಣಿಸುವಂತೆ ಮೂಡಿತ್ತು.

“ನೋಡಪಾ” ಎಂದರು ಮಾಮು, “ಸಮಾಧಾನ ಇದ್ದವ್ರು ಉಳೀತಾರ.”

ಇದನ್ನು ಮಾತಿನಲ್ಲಿ ಸೋಲಿಸಲು ಆಗುವುದಿಲ್ಲ. ದೊಡ್ಡದೊಂದು ಪರೀಕ್ಷೆಯೇ ಬೇಕಾಗಿತ್ತು. ಅದು ತಾನಾಗಿ ಬಂತು.

ಗಿರಿಜಾಳ ತವರೂರು ಸೇಡಂ ದಾಟಿ, ಕುರಕುಂಟಾದ ಆಸುಪಾಸು. (ಊರಿನ ಹೆಸರು ಬೇಡ. ಮುಂದೆ ಒಬ್ಬ ಸಾಹೇಬರು ಬರುತ್ತಾರೆ, ಅವರ ಗುರುತು ಹತ್ತೀತು. ಅವರು ಕನ್ನಡ ಪೇಪರು ಓದುವುದಿಲ್ಲ ಎಂಬುದೇ ನನ್ನ ಧೈರ್ಯ.) ಅಲ್ಲಿಯ ಹೆಣ್ಣುಮಕ್ಕಳ ಶಾಲೆಯ ಸುಭದ್ರಾಬಾಯಿ ಟೀಚರು ರಿಟೈರ್ ಆಗುವವರಿದ್ದರು. ಗಿರಿಜಾಳಿಗೆ ಅ ಆ ಇ ಈ ಕಲಿಸಿದವರು. ಬೀಳ್ಕೊಡುವ ದಿನ ಗ್ರೂಪ್ ಫೋಟೋ ತೆಗೆದುಕೊಡಬೇಕೆಂದು ಚೀಟಿ ಕಳಿಸಿದ್ದರು. ಚೀಟಿಯ ಕೊನೆಗೆ ಒಂದು ಸಾಲು: “ದೊಡ್ಡ ಸಾಹೇಬರು ಬರುತ್ತಾರೆ, ಫೋಟೋ ಕೆಡಬಾರದು.”

ಯಾಕೆ ಕೆಡಬಾರದು? ಅದನ್ನು ಗಿರಿಜಾ ಹೇಳಿದಳು.

ಆ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತದೆ. ಮುಂದೆ ಓದಬೇಕೆಂದರೆ ಪ್ಯಾಸೆಂಜರ್ ಗಾಡಿ ಹತ್ತಿ ಸೇಡಂಗೆ ಹೋಗಬೇಕು. ಗಂಡುಹುಡುಗರು ಹೋಗುತ್ತಾರೆ, ಹುಡುಗಿಯರನ್ನು ಯಾರೂ ಕಳಿಸುವುದಿಲ್ಲ. ಏಳನೇ ಕ್ಲಾಸಿಗೆ ಮೊದಲ ನಂಬರು ಬಂದ ಗಿರಿಜಾಳೂ ಹಾಗೆಯೇ ಮನೆಯಲ್ಲಿ ಕೂತವಳು. ಎಂಟನೇ ಕ್ಲಾಸು ಅಲ್ಲೇ ತೆರೆಯಿರಿ ಎಂದು ಸುಭದ್ರಾಬಾಯಿ ಅರ್ಜಿ ಬರೆದು ಬರೆದು ಪೆನ್ನಿನ ಮೂರು ನಿಬ್ಬು ಸವೆಸಿದ್ದರು. ಫೈಲು ಎಲ್ಲ ಮೇಜುಗಳನ್ನೂ ದಾಟಿ ಬಂದು, ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರ ಮೇಜಿನ ಮೇಲೆ ಎರಡು ವರ್ಷದಿಂದ ಕೂತಿತ್ತು. ಅದಕ್ಕೆ ಬೇಕಾದದ್ದು ಒಂದು ಸಹಿ. ಟೀಚರಿಗೆ ನೌಕರಿಯಲ್ಲಿ ಒಂದು ತಿಂಗಳೂ ಉಳಿದಿರಲಿಲ್ಲ.

“ಫೋಟೋ ಚಲೋ ಬಂದ್ರ ಸಾಹೇಬರು ಖುಷಿಯಾಗ್ತಾರ. ಖುಷಿಯಾದ್ರ ಸಹಿ” ಎಂದಳು ಗಿರಿಜಾ. ಸರಕಾರ ನಡೆಯುವುದು ಹೇಗೆ ಎಂದು ಇಷ್ಟು ಚಿಕ್ಕದಾಗಿ ಯಾರಾದರೂ ಹೇಳಿದ್ದಾರೆಯೇ?

ಖಾಜಾ ಮಾಮುವೂ ಮರದ ಪೆಟ್ಟಿಗೆ ಹೊತ್ತು ಹೊರಟರು. “ನಿಂದೊಂದು, ನಂದೊಂದು. ಚಲೋ ಬಂದದ್ದು ಕೊಡೋಣ” ಎಂದು ಒಪ್ಪಂದವಾಯಿತು. ಪ್ಯಾಸೆಂಜರ್ ಗಾಡಿಯಲ್ಲಿ ಚಿತ್ತಾಪುರದಿಂದ ಸೇಡಂವರೆಗೂ ಆ ಪೆಟ್ಟಿಗೆಯನ್ನು ಜನ ಹಾರ್ಮೋನಿಯಂ ಎಂದೇ ತಿಳಿದರು. ಒಬ್ಬಾತ, “ಉಸ್ತಾದರ, ಒಂದು ಭಜನಿ ಹೇಳ್ರಿ” ಎಂದ. ಮಾಮು, “ಇದು ಹಾಡಂಗಿಲ್ಲಪಾ, ನೋಡ್ತದ” ಎಂದರು. ಆತ ಎದ್ದು ಬೇರೆ ಡಬ್ಬಿಗೆ ಹೋದ.

ಶಾಲೆಯ ಅಂಗಳ ಹತ್ತು ಹೆಜ್ಜೆಯದು. ಆಮೇಲೆ ಓಣಿ. ಮಾಮು ಅವರ ಹಳೇ ಲೆನ್ಸಿಗೆ ದೂರ ಬೇಕು. ಅವರು ಓಣಿ ದಾಟಿ ಎದುರು ಮನೆಯ ಕಟ್ಟೆ ಹತ್ತಿದರು. ನನಗೆ ಅಂಗಳವೇ ಸಾಕು. ಒಳಗೊಳಗೇ ಹಿಗ್ಗಿದೆ. ಏಳು ಕುರ್ಚಿಗಳನ್ನು ಅರ್ಧಚಂದ್ರದ ಹಾಗೆ, ಎರಡೂ ತುದಿ ನನ್ನ ಕಡೆಗೆ ಬಾಗುವಂತೆ ಹಾಕಿಸಿದೆ. ಎಲ್ಲರೂ ಹಿಡಿಸಲಿ ಎಂದು. ಈ ಬುದ್ಧಿವಂತಿಕೆಯ ಫಲ ಆಮೇಲೆ ಉಂಡೆ.

ನಡುವಿನ ಕುರ್ಚಿಯಲ್ಲಿ ಸುಭದ್ರಾಬಾಯಿ ಕುಳಿತರು. ಐದು ಅಡಿಯೂ ಇಲ್ಲದ ಹೆಣ್ಣುಮಗಳು. ಕಾಲು ನೆಲಕ್ಕೆ ಮುಟ್ಟಲಿಲ್ಲ. ಕೊರಳಲ್ಲಿ ಸೇವಂತಿಗೆ ಹಾರ, ಮೊಣಕಾಲಿನವರೆಗೆ. ಹಿಂದೆ ಮೂವತ್ತು ಹುಡುಗಿಯರು, ಎಣ್ಣೆ ಹಚ್ಚಿ ಎಳೆದು ಕಟ್ಟಿದ ಜಡೆ, ಉಸಿರು ಬಿಗಿಹಿಡಿದು ನಿಂತಿದ್ದರು.

ಆಗ ಜೀಪು ಬಂತು.

ಸಾಹೇಬರು ಇಳಿದಾಗ ಜೀಪು ನಾಲ್ಕು ಬೆರಳು ಮೇಲೆದ್ದಿತು. ಸುಭದ್ರಾಬಾಯಿ ಎದ್ದು ನಿಂತು, “ಬರ್ರಿ ಸರ್, ಕುಂದ್ರಿ” ಎಂದು ನಡುವಿನ ಕುರ್ಚಿ ತೋರಿಸಿದರು. ಉಪಚಾರದ ಮಾತು. ಸಾಹೇಬರು ಕುಳಿತೇಬಿಟ್ಟರು. ಟೀಚರು ಪಕ್ಕದ ಕುರ್ಚಿಗೆ ಸರಿದರು. ಅಷ್ಟರಲ್ಲಿ ಸಾಹೇಬರ ಹೆಡ್ ಕ್ಲರ್ಕ್ ಬಂದ. ಟೀಚರು ಇನ್ನೊಂದು ಕುರ್ಚಿ ಸರಿದರು. ಊರ ಚೇರ್ಮನ್ನರು ಬಂದರು. ಮತ್ತೊಂದು ಕುರ್ಚಿ. ಈಗ ಅವರು ಕೊನೆಯ ಕುರ್ಚಿಯ ಅಂಚಿನಲ್ಲಿದ್ದರು. ಇನ್ನೊಂದು ತುದಿಯ ಕುರ್ಚಿಯಲ್ಲಿ ಶಾಲೆಗೆ ನೀರು ತರುವ ಮಲ್ಲಮ್ಮ ಕೂತಿದ್ದಳು. ಅವಳನ್ನು ಎಬ್ಬಿಸಲು ಚೇರ್ಮನ್ನರ ಭಾವಮೈದ ನೋಡಿದ. ಅವಳು ಬೇರೆ ಕಡೆ ನೋಡಿದಳು. ಗೆದ್ದಳು.

“ಟೀಚರ್, ನೀವು ನಡುವ ಬರ್ರಿ” ಎಂದೆ ನಾನು ಕ್ಯಾಮೆರಾ ಹಿಂದಿನಿಂದ.

“ಇರ್ಲಿ ಬಿಡಪಾ. ಎಲ್ಲಿ ಕುಂತ್ರೇನು, ಫೋಟೋದಾಗ ಬರ್ತೀನಲ್ಲ” ಎಂದರು.

ನಾನು ಕ್ಲಿಕ್ ಮಾಡಿದೆ. ಮುಗಿಯಿತು. ಆಮೇಲೆ ಮಾಮು ಸರದಿ. ಓಣಿಯಾಚೆಯ ಕಟ್ಟೆಯಿಂದ ಕೂಗಿದರು: “ಯಾರೂ ಅಲಗಬ್ಯಾಡ್ರಿ! ಏಕ್...” ಅಷ್ಟರಲ್ಲಿ ಎತ್ತಿನ ಗಾಡಿ ಅಡ್ಡ ಬಂತು. ಟೋಪಿ ಮತ್ತೆ ಲೆನ್ಸಿಗೆ. ಫಿಲ್ಮಿನ ಜಾಗಕ್ಕೆ ಹೊಸ ಫೋಟೋ ಕಾಗದ. “ಏಕ್... ದೋ...” ಸಾಹೇಬರು ಹೆಡ್ ಕ್ಲರ್ಕನ ಕಡೆ ತಿರುಗಿ, “ಇನ್ನ ಎಷ್ಟೊತ್ತರೀ ಇದು?” ಎಂದರು. “ತೀನ್...” ಈ ಕಡೆ ತಿರುಗಿ ಕೈಗಡಿಯಾರ ನೋಡಿದರು. “ಚಾರ್!” ಟೋಪಿ.

ಹೊರಡುವಾಗ ಟೀಚರು ಜೀಪಿನ ಹತ್ತಿರ ಹೋಗಿ ಎಂಟನೇ ಕ್ಲಾಸಿನ ಮಾತು ತೆಗೆದರು. ಸಾಹೇಬರು, “ಫೋಟೋ ತೊಗೊಂಡು ಆಫೀಸಿಗೆ ಬರ್ರಿ, ಅವತ್ತು ಫೈಲ್ ನೋಡೋಣ” ಎಂದರು. ಜೀಪು ನಾಲ್ಕು ಬೆರಳು ಇಳಿದು ಹೋಯಿತು.

ಎಲ್ಲರೂ ಚಹಾಕ್ಕೆ ಚದುರಿದ ಮೇಲೆ ಮಾಮು ಹೇಳಿದರು, “ಟೀಚರಮ್ಮ, ನನ್ನ ಹತ್ರ ಒಂದ್ ಕಾಗದ ಉಳಿದದ. ನೀವೊಬ್ಬರೇ ಕುಂದ್ರಿ.”

“ಉಸುರು ಆಡಬಹುದೇನ್ರಿ?”

“ಬೇಕಾದಷ್ಟು ಆಡ್ರಿ. ತಲಿ ಮಾತ್ರ ಅಲಗಬಾರದು.”

“ಮೂವತ್ತು ವರ್ಷ ಮಕ್ಕಳಿಗೆ ಅಲಗಬ್ಯಾಡ್ರಿ ಅಂದೀನಿ. ಇವತ್ತು ನನ್ನ ಪಾಳಿ” ಎಂದು ಕುಳಿತರು. ಮಾಮು ಎಣಿಸತೊಡಗಿದರು. ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯರು, ತಾವು ಫೋಟೋದಲ್ಲಿ ಇಲ್ಲದಿದ್ದರೂ, ಇದ್ದ ಇದ್ದಲ್ಲೇ ನಿಂತುಬಿಟ್ಟರು. ಒಬ್ಬಳ ಒಂದು ಕಾಲು ಗಾಳಿಯಲ್ಲೇ ಇತ್ತು. ನಾಲ್ಕು ಎಣಿಸುವುದು ಎಷ್ಟು ಉದ್ದ ಎಂದು ನನಗೆ ಅವತ್ತು ಗೊತ್ತಾಯಿತು.

ಮರುದಿನ ಸಂಜೆ ಶಹಾಬಾದಿನ ಸ್ಟುಡಿಯೋದ ಕತ್ತಲಕೋಣೆ. ಕೆಂಪು ಬಲ್ಬು. ಮೊದಲು ಮಾಮು ಗ್ರೂಪ್ ಫೋಟೋ ಟ್ರೇಯಲ್ಲಿ ಮೂಡಿತು. ಹಳೇ ಲೆನ್ಸಿನ ಗುಣ ಎಂದರೆ ನಡುವೆ ಚೊಕ್ಕ, ಅಂಚಿಗೆ ಬರುಬರುತ್ತ ಎಲ್ಲ ನೀರಿನಲ್ಲಿ ಸುತ್ತಿದಂತೆ. ಚೊಕ್ಕವಾದ ಆ ನಡುವಿನಲ್ಲಿ ಸಾಹೇಬರ ಕೋಟು ಇತ್ತು, ಗುಂಡಿ ಇತ್ತು, ಕಿಸೆಯ ಪೆನ್ನು ಇತ್ತು. ಮುಖ ಇರಲಿಲ್ಲ. ಕಾಲರಿನ ಮೇಲೆ ಒಂದು ಮೋಡ. ಮೋಡಕ್ಕೆ ಮೂರು ಕಿವಿ.

“ತೌಬಾ” ಎಂದರು ಮಾಮು.

ನಾನು ನಕ್ಕೆ. ಈಗ ನನ್ನದು ನೋಡಿ, ಎಂದೆ. ನನ್ನದನ್ನು ದೊಡ್ಡದು ಮಾಡಿ ಟ್ರೇಗೆ ಹಾಕಿದೆ. ಮೊದಲು ಮೂಡಿದ್ದು ಲೆನ್ಸಿಗೆ ಹತ್ತಿರವಾಗಿ ಬಾಗಿದ್ದ ಎರಡು ತುದಿಗಳು. ಮೂಡಿದವು, ಮೂಡುತ್ತಲೇ ಹೋದವು, ನಿಲ್ಲಲೇ ಇಲ್ಲ! ಎಡತುದಿಯಲ್ಲಿ ಮಲ್ಲಮ್ಮ, ಗುಡ್ಡದಷ್ಟು. ಬಲತುದಿಯಲ್ಲಿ ಸುಭದ್ರಾಬಾಯಿ, ಐದು ಅಡಿಯ ಆ ಪುಟ್ಟ ಹೆಣ್ಣುಮಗಳು, ರಥದ ಗಾಲಿಯಷ್ಟು ಅಗಲದ ಹಾರ ಹಾಕಿಕೊಂಡು ಆನೆಯ ಹಾಗೆ ಕೂತಿದ್ದರು. ಅವರ ಚಪ್ಪಲಿ ಚೇರ್ಮನ್ನರ ತಲೆಗಿಂತ ದೊಡ್ಡದು. ಮತ್ತು ನಡುವೆ, ದೂರದಲ್ಲಿ, ಕುರ್ಚಿಯವರೆಲ್ಲರಿಗಿಂತ ಹಿಂದೆ, ಬೆರಳುದ್ದದ ಸಾಹೇಬರು. ಯಾರೋ ಮಡಿಲಿಂದ ಇಳಿಸಿ ಕೂರಿಸಿದ ಕೂಸಿನಂತೆ.

ಈಗ ನಗುವ ಪಾಳಿ ಮಾಮು ಅವರದು. ನಕ್ಕು ನಕ್ಕು ಟ್ರೇ ಹಿಡಿದುಕೊಂಡರು. ಆಮೇಲೆ ಇಬ್ಬರಿಗೂ ಒಟ್ಟಿಗೇ ಫೈಲು ನೆನಪಾಯಿತು. ನಗು ನಿಂತಿತು.

ಒಂದರಲ್ಲಿ ಸಾಹೇಬರಿಗೆ ಮುಖವಿಲ್ಲ. ಇನ್ನೊಂದರಲ್ಲಿ ಸಾಹೇಬರೇ ಇಲ್ಲದಷ್ಟು ಸಣ್ಣ. ಯಾವುದನ್ನು ಒಯ್ದು ಸಹಿ ಕೇಳುವುದು?

“ಎರಡೂ ಅಂಚು ಕತ್ತರಿಸಿಬಿಡೋಣ ಮಾಮು” ಎಂದೆ. “ನಡುವಿನ ಐದು ಕುರ್ಚಿ ಉಳಿಸಿ ದೊಡ್ಡದು ಮಾಡಿದರೆ ಸಾಹೇಬರು ಸರಿಯಾಗ್ತಾರೆ.”

“ಕತ್ತರಿಸು” ಎಂದರು ಮಾಮು, ನನ್ನ ಮುಖ ನೋಡದೆ. “ಹಾರ ಹಾಕ್ಕೊಂಡಾಕಿನ್ನ ಬೀಳಿಸ್ಲಿಕತ್ತೀ, ಅಷ್ಟು ನೆನಪಿರ್ಲಿ.”

ಕತ್ತರಿಸಿದೆ. ಸುಳ್ಳು ಯಾಕೆ ಹೇಳಲಿ? ಹುಡುಗಿಯರ ಭವಿಷ್ಯಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. (ದೊಡ್ಡ ಮಾತು ಹೇಳಿಕೊಂಡು ಸಣ್ಣ ಕೆಲಸ ಮಾಡುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ.) ಅಂಚು ಕತ್ತರಿಸಿದ ಪ್ರಿಂಟು ಚೆನ್ನಾಗಿಯೇ ಬಂತು. ಸಾಹೇಬರು ಸಾಹೇಬರಂತೆ ಕಂಡರು. ಮನೆಗೆ ತಂದು ಗಿರಿಜಾಳಿಗೆ ತೋರಿಸಿದೆ.

ಅವಳು ನೋಡಿದಳು. ತಿರುಗಿಸಿ ಹಿಂಬದಿ ನೋಡಿದಳು. “ಟೀಚರ್ ಎಲ್ಲಿ?”

ವಿವರಿಸಿದೆ. ಲೆನ್ಸು, ಅಂಚು, ಸಹಿ, ಫೈಲು. ಷಡ್ಡಕ ತಲೆಯಾಡಿಸಿ, “ಬರೋಬ್ಬರಿ ಮಾಡೀರಿ” ಎಂದ. ಗಿರಿಜಾ ಫೋಟೋ ಮೆಲ್ಲಗೆ ಮಂಚದ ಮೇಲಿಟ್ಟಳು.

“ಏಳನೇ ಕ್ಲಾಸ್ ಮುಗಿದ ಮ್ಯಾಲ ನನ್ನೂ ಹಿಂಗೇ ಕತ್ತರಿಸಿದ್ರು” ಎಂದಳು. “ನನ್ನ ಭವಿಷ್ಯಕ್ಕಂತನೇ.”

ಅಡುಗೆ ಮನೆಗೆ ಹೋದಳು. ಪಾತ್ರೆಯ ಸಪ್ಪಳವೂ ಆಗಲಿಲ್ಲ. ಪಾತ್ರೆ ಸಪ್ಪಳವಾದರೆ ಗಂಡಸರಿಗೆ ಧೈರ್ಯವಿರುತ್ತದೆ. ಸಪ್ಪಳವೇ ಇಲ್ಲದಿದ್ದರೆ?

ಮರುದಿನ ರಜೆ ಹಾಕಿ, ಮಾಮು ಅವರನ್ನು ಕರೆದುಕೊಂಡು, ಎಲ್ಲ ಪ್ರಿಂಟುಗಳನ್ನೂ ಹಿಡಿದು ಸುಭದ್ರಾಬಾಯಿಯವರ ಮನೆಗೆ ಹೋದೆ. ಮೊದಲು ಮಾಮು ತೆಗೆದ ಅವರೊಬ್ಬರ ಫೋಟೋ ಕೊಟ್ಟೆವು. ಅದರ ಬಗ್ಗೆ ಏನು ಬರೆಯಲಿ? ಕಣ್ಣು ಮಾತಾಡುವಂತಿದ್ದವು. ಸುತ್ತಲಿನ ಗೋಡೆ, ಬಾಗಿಲು ಎಲ್ಲ ಕರಗಿ ಸುಳಿಯಾಗಿ, ಆ ಸುಳಿಯ ನಡುವೆ ಅವರ ಮುಖ ಒಂದೇ ನಿಂತಿತ್ತು. ನನ್ನ ಜಪಾನಿನ ಲೆನ್ಸು ಈ ಜನ್ಮದಲ್ಲಿ ಇಂಥದ್ದು ತೆಗೆಯಲಾರದು. (ಮಾಮು ಇದನ್ನು ಓದಿದರೆ ವರ್ಷಪೂರ್ತಿ ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ.) ಟೀಚರು ನೋಡಿ, “ನಮ್ಮವ್ವನಂಗ ಕಾಣ್ತೀನಲ್ಲ” ಎಂದರು. ಸೆರಗಿನಲ್ಲಿ ಒರೆಸಿದ್ದು ಫೋಟೋವನ್ನೋ ಕಣ್ಣನ್ನೋ, ನಾನು ನೋಡಲಿಲ್ಲ.

ಆಮೇಲೆ ಅಂಚು ಕತ್ತರಿಸಿದ್ದು, ಕತ್ತರಿಸದೆ ಇದ್ದದ್ದು, ಎರಡನ್ನೂ ಮುಂದಿಟ್ಟು ಎಲ್ಲ ಹೇಳಿದೆ.

ಕತ್ತರಿಸದ ಫೋಟೋ ಎತ್ತಿಕೊಂಡರು. ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಶುರುವಾಯಿತು ನೋಡಿ, ಆ ನಗು! ಐದು ಅಡಿಯ ಮೈಯೆಲ್ಲ ಕುಣಿಯಿತು. “ಮಲ್ಲವ್ವಾ, ಬಾ ಇಲ್ಲಿ! ನಾವಿಬ್ಬರೂ ಹೆಂಗಾಗೀವಿ ನೋಡು!” ಹಿತ್ತಲಿನಿಂದ ಮಲ್ಲಮ್ಮ ಬಂದು ನೋಡಿ, “ಯವ್ವಾ, ನಾ ಇಷ್ಟು ಉಣ್ಣಂಗಿಲ್ರೀ” ಎಂದಳು.

“ಟೀಚರ್, ಸಾಹೇಬರು ಸಿಟ್ಟಾದರೆ ಫೈಲು...”

“ನೋಡಪಾ. ನಾ ಕೆಲಸಕ್ಕ ಸೇರಿದಾಗಿಂದ ಎಷ್ಟೋ ಗ್ರೂಪ್ ಫೋಟೋ ತೆಗಿಸ್ಕೊಂಡೀನಿ. ಎಲ್ಲಾದ್ರಾಗೂ ಅಂಚಿನಾಗೇ ಇದ್ದೀನಿ. ಒಂದ್ರಾಗ ಬರೇ ನನ್ನ ಮೊಣಕೈ ಬಂದದ. ಇದೊಂದ್ರಾಗ ದೇವ್ರು ಇಷ್ಟು ದೊಡ್ಡಾಕಿನ್ನ ಮಾಡ್ಯಾನ. ಇದನ್ನ ಕತ್ತರಿಸಿದ್ರ ಕೈ ಕತ್ತರಿಸ್ತೀನಿ.” ಇಪ್ಪತ್ತರ ಮಗ್ಗಿ ತಪ್ಪಿದವರಿಗೆ ಹೇಳುವ ಧ್ವನಿ. ನಾನು ಕೈ ಹಿಂದಕ್ಕೆ ಇಟ್ಟುಕೊಂಡೆ. “ಇದನ್ನೇ ಒಯ್ಯೋಣ. ಸಹಿ ಆಗೋದಿದ್ರ ಆಗ್ತದ. ಆಗಲಿಲ್ಲಂದ್ರ ನಾ ರಿಟೈರ್ ಆದ ಮ್ಯಾಲೂ ದಿನಾ ಹೋಗಿ ಅವರ ಬಾಗಲಾಗ ಕುಂದ್ರತೀನಿ. ನನಗ ಬ್ಯಾರೆ ಕೆಲಸ ಏನದ?”

ಟೀಚರು, ಮಾಮು, ನಾನು, ಮೂವರೂ ಹೋಗಿ ಸಾಹೇಬರ ಕೋಣೆಯಲ್ಲಿ ಕುಳಿತೆವು. ಫ್ಯಾನು ಕಿರಗುಟ್ಟುತ್ತಿತ್ತು. ಮೇಜಿನ ಎಡಗಡೆ ಫೈಲಿನ ಗುಡ್ಡೆ. ಕೆಳಗಿನಿಂದ ಎರಡನೆಯದು ನಮ್ಮದು. ಟೀಚರಿಗೆ ಅದರ ದಾರದ ಬಣ್ಣವೂ ಗೊತ್ತಿತ್ತು.

ಸಾಹೇಬರು ಫೋಟೋ ತೆಗೆದುಕೊಂಡರು. ಕನ್ನಡಕ ಹಾಕಿದರು. ಕನ್ನಡಕ ತೆಗೆದರು. ಹತ್ತಿರ ಹಿಡಿದರು. ದೂರ ಹಿಡಿದರು. ಅವರ ಕುತ್ತಿಗೆ ಕೆಂಪಗಾಗುತ್ತಿರುವುದು ನನಗೆ ಕಾಣುತ್ತಿತ್ತು. ನಾನು ಕ್ಷಮಾಪಣೆಗೆ ಬಾಯಿ ತೆರೆದೆ. “ಸರ್, ಅದು ಲೆನ್ಸು...” ಟೀಚರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಐದು ಅಡಿಯವರ ತುಳಿತ ಅಂಥದ್ದಿರುತ್ತದೆ ಎಂದು ಗೊತ್ತಿರಲಿಲ್ಲ.

“ಇದು... ನಾನೇನ್ರಿ?” ಎಂದರು ಸಾಹೇಬರು.

“ನೀವೇ ಸರ್.”

ಸಾಹೇಬರು ಗಂಟೆ ಬಾರಿಸಿದರು. ಜವಾನ ಬಂದ. ಹೆಡ್ ಕ್ಲರ್ಕ್ ಬಂದ. “ನೋಡ್ರಿ ಇಲ್ಲಿ. ನಾ ಹೆಂಗ ಕಾಣ್ತೀನಿ?”

ಹೆಡ್ ಕ್ಲರ್ಕ್ ಫೋಟೋ ನೋಡಿದ. ಸಾಹೇಬರ ಮುಖ ನೋಡಿದ. ಮತ್ತೆ ಫೋಟೋ. ಪಾಪ, ಇಪ್ಪತ್ತು ವರ್ಷದ ಸರ್ವಿಸಿನ ಅನುಭವವೆಲ್ಲ ಒಂದೇ ಉತ್ತರಕ್ಕೆ ಪಣಕ್ಕಿಟ್ಟ. “ಕಾಲೇಜ್ ಹುಡುಗನಂಗ ಕಾಣ್ತೀರಿ ಸರ್. ಭಾಳ ತೆಳ್ಳಗ ಆಗೀರಿ.”

ಸಾಹೇಬರು ಮೇಜು ಗುದ್ದಿದರು. “ಅದನ್ನೇ ಹೇಳಾಕತ್ತೀನಿ! ಎರಡು ತಿಂಗಳಾತು, ಡಾಕ್ಟರ್ ಹೇಳ್ಯಾರಂತ ಅನ್ನ ಬಿಟ್ಟು. ಮುಂಜಾನೆದ್ದು ಚಂದಾಪುರದ ರೋಡಿನ ಮಟ ನಡೀತೀನಿ. ಮನ್ಯಾಗ ಯಾರೂ ನಂಬವಲ್ರು. ಕದ್ದು ಎಲ್ಲ್ಯೋ ತಿಂದು ಬರ್ತೀರಿ ಅಂತಾರ. ಇದೇ ಪುರಾವೆ!”

ಮೋಡಕ್ಕೆ ಮೂರು ಕಿವಿಯ ಫೋಟೋವನ್ನು ಮಾಮು ಸದ್ದಿಲ್ಲದೆ ಜುಬ್ಬಾದೊಳಗೆ ಸೇರಿಸಿದರು.

ಸಾಹೇಬರು ಫೋಟೋವನ್ನು ಮೇಜಿನ ಗಾಜಿಗೆ ಒರಗಿಸಿ ಇಟ್ಟುಕೊಂಡು ನೋಡುತ್ತಲೇ ಇದ್ದರು. ಪಕ್ಕದಲ್ಲಿ ಆನೆಯಂತೆ ಕೂತ ಟೀಚರು ಅವರ ಕಣ್ಣಿಗೆ ಬೀಳಲೇ ಇಲ್ಲ. ಗ್ರೂಪ್ ಫೋಟೋ ಕೈಗೆ ಬಂದರೆ ನಾವೆಲ್ಲರೂ ಮೊದಲು ಯಾರನ್ನು ಹುಡುಕುತ್ತೇವೆ? ಇನ್ನೊಬ್ಬರನ್ನು ಹುಡುಕಿದವರು ಯಾರಾದರೂ ಇದ್ದರೆ ನನಗೆ ಬರೆಯಿರಿ.

“ಸರ್, ಫೈಲು” ಎಂದರು ಸುಭದ್ರಾಬಾಯಿ. ತಾವೇ ಎದ್ದು, ಗುಡ್ಡೆಯ ಕೆಳಗಿನಿಂದ ಎರಡನೆಯದನ್ನು ಎಳೆದು, ದಾರ ಬಿಚ್ಚಿ, ಪುಟ ತೆಗೆದು, ಪೆನ್ನಿನ ಟೊಪ್ಪಿಗೆ ತೆಗೆದು ಕೊಟ್ಟರು. ಸಾಹೇಬರು ಫೋಟೋ ನೋಡುತ್ತಲೇ ಸಹಿ ಮಾಡಿದರು. ಸಹಿ ವಾರೆಯಾಗಿ ಬಿತ್ತು. ಬಿತ್ತು!

ಟೀಚರು ಶಾಯಿ ಒಣಗುವವರೆಗೂ ಊದಿದರು. ಫೈಲನ್ನು ಹೆಡ್ ಕ್ಲರ್ಕನ ಕೈಗೆ ಕೊಟ್ಟು, ಆತ ರವಾನೆಯ ಜಾವಕ ನಂಬರು ಹಾಕುವವರೆಗೂ ಪಕ್ಕದಲ್ಲೇ ನಿಂತರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಈ ವಾರ ಬೇರೆ ಏನಾದರೂ ಬರೆಯುತ್ತಿದ್ದೆ. ಎದ್ದು ಹೊರಡುವಾಗ ಸಾಹೇಬರು, “ಏ ಪಾರ್ಸಲ್, ನಿಲ್ರಿ” ಎಂದರು. “ನನ್ನದೊಂದು ಬರೀ ಮುಖದ ಫೋಟೋ ಬೇಕು. ಅದೇ ಲೆನ್ಸ್ ಹಾಕ್ರಿ. ಹತ್ತಿರದಿಂದ.”

“ಸರ್, ಮುಖಕ್ಕೆ ಆ ಲೆನ್ಸು ಅಷ್ಟು...”

“ಅದೇ ಲೆನ್ಸ್!”

ಕಲಿಯುಗದಲ್ಲಿ ಮೇಲಧಿಕಾರಿಗಿಂತ ಹೆಚ್ಚು ಫೋಟೋಗ್ರಫಿ ಯಾರಿಗೆ ಗೊತ್ತಿರುತ್ತದೆ? ಒಂದು ಮೊಳ ದೂರದಿಂದ ತೆಗೆದೆ. ಸಾಹೇಬರು ಈ ಸಲ ಕಲ್ಲಿನ ಹಾಗೆ ಕೂತಿದ್ದರು, ಮುಗುಳ್ನಗುತ್ತ.

ಟ್ರೇಯಲ್ಲಿ ಅದು ಮೂಡಿದಾಗ ಖಾಜಾ ಮಾಮು ಗೋಡೆ ಹಿಡಿದುಕೊಂಡರು. ವೈಡ್ ಆ್ಯಂಗಲ್ಲಿಗೆ ಹತ್ತಿರ ಇರುವುದೆಲ್ಲ ದೊಡ್ಡದು. ಮುಖದಲ್ಲಿ ಎಲ್ಲಕ್ಕಿಂತ ಹತ್ತಿರ ಇರುವುದು ಯಾವುದು? ಮೂಗು. ಕಿವಿಗಳು ಎಲ್ಲೋ ಹಿಂದೆ ಸೇಡಂ ದಾಟಿ ಹೋಗಿದ್ದವು. ಕಣ್ಣುಗಳು ಎರಡು ಬದಿಗೆ ಸರಿದು ದಾರಿ ಬಿಟ್ಟಿದ್ದವು.

“ಅಬ್ಬಬ್ಬಾ” ಎಂದರು ಮಾಮು, “ಇದು ಮೂಗಲ್ಲಪಾ, ವಾಡಿ ಜಂಕ್ಷನ್ನು. ಮುಖದ ಲೈನೆಲ್ಲಾ ಇಲ್ಲೇ ಬಂದು ಕೂಡ್ಯಾವ.”

ಜೂನಿನಲ್ಲಿ ಎಂಟನೇ ಕ್ಲಾಸು ಶುರುವಾಯಿತು. ಕೋಣೆ ಇಲ್ಲ, ಪಡಸಾಲೆಯಲ್ಲೇ. ಹನ್ನೊಂದು ಹುಡುಗಿಯರು. ಮೊದಲ ದಿನ ಸುಭದ್ರಾಬಾಯಿ ಹೋಗಿ ಹಾಜರಿ ಕೂಗಿದರಂತೆ. ಹೊಸ ಟೀಚರು ಬೇಡವೆನ್ನಲಿಲ್ಲ. ಗಿರಿಜಾಳೂ ನೋಡಲು ಹೋಗಿದ್ದಳು. ಬಂದವಳು ತನ್ನ ತಂಗಿಯ ದೊಡ್ಡ ಮಗಳ ಹಳೇ ಎಂಟನೇ ಕ್ಲಾಸಿನ ಗಣಿತದ ಪುಸ್ತಕ ತರಿಸಿಕೊಂಡು, ಒಲೆಯ ಮುಂದೆ ಕೂತು ಲೆಕ್ಕ ಬಿಡಿಸುತ್ತಿದ್ದಾಳೆ. ಸಾರು ಎರಡು ಸಲ ಸೀದಿದೆ. ಸೀದದ್ದನ್ನೇ ಉಣ್ಣುತ್ತಿದ್ದೇನೆ.

ಸಾಹೇಬರ ಜವಾನ ಮಾತ್ರ ಆ ಮುಖದ ಫೋಟೋ ಕೇಳಿಕೊಂಡು ವಾರಕ್ಕೊಮ್ಮೆ ಪಾರ್ಸಲ್ ಆಫೀಸಿಗೆ ಬಂದು ನಿಲ್ಲುತ್ತಾನೆ. ಫೋಟೋ ತೊಳೆಯುವ ಔಷಧ ಮುಗಿದಿದೆ ಎಂದೆ. ಕಾಗದ ಸಿಗುತ್ತಿಲ್ಲ ಎಂದೆ. ಮಾಮು ಅವರಿಗೆ ಜ್ವರ ಎಂದೆ. (ಅವರು ಆಗ ನನ್ನ ಹಿಂದೆಯೇ ಚಹಾ ಕುಡಿಯುತ್ತಿದ್ದರು.) ಮೊನ್ನೆ ಜವಾನ ಬಂದು ಬೆಂಚಿನ ಮೇಲೆ ಕೂತೇಬಿಟ್ಟ. “ಸಾಹೇಬ್ರು ಹೇಳಿ ಕಳಿಸ್ಯಾರ್ರಿ. ಬರೋ ವರ್ಷದ ಒಂಬತ್ತನೇ ಕ್ಲಾಸಿನ ಕಾಗದಾ ಅವರ ಮೇಜಿನ ಮ್ಯಾಲ ಬಂದದಂತ. ಫೋಟೋ ನೋಡಿದ ಕೂಡಲೇ ಸಹಿ ಅಂತ.”

ಹನ್ನೊಂದು ಹುಡುಗಿಯರ ಒಂಬತ್ತನೇ ಕ್ಲಾಸು ಈಗ ಒಂದು ಮೂಗಿನ ಮೇಲೆ ನಿಂತಿದೆ. ಇದಕ್ಕೆ ಯಾವ ಲೆನ್ಸು ಹಾಕಲಿ, ನೀವೇ ಹೇಳ್ರಿ?